ಅರಗು ತುಂಬಿದ ಡೊಣ್ಣಮೂಗ

ಅಂಚೆಯವನ ವೇಷದ ಕೈಗೊಂಬೆ ಡೊಣ್ಣಮೂಗನ ಮುಖ ಕೊನೆಗೂ ಅಂಚೆಚೀಟಿ ಮೇಲೆ ಬಂತು. ಮೂವತ್ತು ವರ್ಷ ಟೀವಿಯಲ್ಲಿ ಮಕ್ಕಳ ಕಾಗದ ಓದಿದವನು. ದೇಶಕ್ಕೆ ದೇಶವೇ ಅವನನ್ನು ಮನೆಮಗ ಅಂದುಕೊಂಡಿತ್ತು. ಅವನೊಳಗಿನ ಕೈ ಯಾರದ್ದು ಅಂತ ಮಾತ್ರ ಒಂದು ನರಪಿಳ್ಳೆಯೂ ಕೇಳಿರಲಿಲ್ಲ. ಅದು ಅಂಚೆ ಕಚೇರಿಯ ಪಾರ್ಸಲ್ ವಿಭಾಗದ ಗುಮಾಸ್ತನ ಸೋದರತ್ತೆಯ ಕೈ.

ಚೀಟಿಯ ಫೋಟೋಗೆ, ಆಮೇಲೆ ಮೂರು ವಾರ ಗಾಜಿನ ಪೆಟ್ಟಿಗೆಯಲ್ಲಿಡೋಕೆ ಇಲಾಖೆ ಗೊಂಬೆ ಕೇಳಿದಾಗ ಅತ್ತೆ ಸುತಾರಾಂ ಒಪ್ಪಿರಲಿಲ್ಲ. ಗುಮಾಸ್ತನೇ ಎದೆ ತಟ್ಟಿಕೊಂಡಿದ್ದ: "ನಮ್ಮ ಆಫೀಸು ಅತ್ತೆ, ನಾನಿದೀನಿ. ಚೀಟಿ ಬಿಡುಗಡೆ ದಿನ ನಿನ್ನ ಕೈಗೇ ಕೊಡ್ತೀನಿ." ಆಮೇಲೆ ದಿನಾ ಗಾಜಿನಾಚೆಯಿಂದ ನೋಡಿ, ಎಷ್ಟು ನೆಟ್ಟಗೆ ನಿಂತಿದಾನೆ ಅಂತ ಮೀಸೆ ತಿರುವಿದ್ದನೇ ಹೊರತು, ಒಂದು ಸಲ ಮುಟ್ಟಿ ನೋಡಿರಲಿಲ್ಲ.

ಬಿಡುಗಡೆಯ ಬೆಳಿಗ್ಗೆ ಸಭಾಂಗಣದ ತುಂಬ ಚಿಳ್ಳೆಪಿಳ್ಳೆಗಳು. "ಡೊಣ್ಣಮೂಗಾ!" ಅಂತ ಸೂರು ಹಾರಿಹೋಗೋ ಹಾಗೆ ಕೂಗು. ಅತ್ತೆಯ ಬೆರಳ ಗಿಣ್ಣುಗಳು ಊದಿದ್ದವು. ಇದೇ ಕೊನೆಯ ಆಟ ಅಂತ ಮನೆಯವರಿಗೆಲ್ಲ ಗೊತ್ತಿತ್ತು. ಪರದೆಯ ಹಿಂದೆ ಗುಮಾಸ್ತ ಗಾಜಿನ ಪೆಟ್ಟಿಗೆ ಸಮೇತ ಗೊಂಬೆ ತಂದಿಟ್ಟು ಬಾಗಿಲು ತೆಗೆದ. ಅತ್ತೆ ಗೊಂಬೆಯೊಳಗೆ ಕೈ ತೂರಿಸಿದಳು.

ಹೋಗಲಿಲ್ಲ.

ಗುಮಾಸ್ತ ಗೊಂಬೆ ತಿರುಗಿಸಿ ನೋಡಿದ. ಕೈ ಹೋಗೋ ಜಾಗದ ತುಂಬ ಕೆಂಪು ಅರಗು, ಕುತ್ತಿಗೆವರೆಗೂ ಕಲ್ಲಿನ ಹಾಗೆ. ಮೇಲೆ ಚೆಂದವಾಗಿ ಇಲಾಖೆಯ ಮುದ್ರೆ.

"ಯಾವ ಕತ್ತೆ ಮಾಡಿದ್ದು ಇದನ್ನ?"

ಪಾರ್ಸಲ್‌ಗಳಿಗೆ ಅರಗು ಕಾಯಿಸಿ ಮುದ್ರೆ ಒತ್ತುವ ಮುದುಕ ಹಲ್ಲು ಬಿಟ್ಟುಕೊಂಡು ಮುಂದೆ ಬಂದ. "ನಾನೇ ಕಣಪ್ಪ. ಪಾಪ, ತಲೆ ಜೋತು ಬೀಳ್ತಿತ್ತು. ಮೂರು ದಿನ ಚೂರುಚೂರೇ ಹುಯ್ದೆ. ಹೊರಗೆ ಒಂದು ತೊಟ್ಟು ಚೆಲ್ಲಿಲ್ಲ, ನೋಡು!"

"ನಿನ್ನ ತಲೆಗೆ ಹುಯ್ಕೋಬೇಕಿತ್ತು! ಒಳಗೆ ಯಾಕಯ್ಯ ತುಂಬಿದೆ?"

ಮುದುಕನ ಮುಖ ಸಣ್ಣಗಾಯಿತು. "ದಿನಾ ನೀನೇ ಬಡ್ಕೋತೀಯಲ್ಲಪ್ಪಾ, ಒಳಗೆ ಟೊಳ್ಳು ಬಿಟ್ಟರೆ ಸಾಮಾನು ಒಡೆಯುತ್ತೆ ಅಂತ. ನಿಮ್ಮತ್ತೆದು ಅಂತ ಇನ್ನೊಂಚೂರು ಜಾಸ್ತೀನೇ ಹುಯ್ದೆ."

ಹೊಡೆಯೋಕೆ ಎತ್ತಿದ ಗುಮಾಸ್ತನ ಕೈ ಎತ್ತಿದಲ್ಲೇ ನಿಂತುಹೋಯಿತು. ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಸಿದು ಕೂತ.

ಇಲಾಖೆಯ ದೊಡ್ಡ ಸಾಹೇಬರು ಪರದೆ ಸರಿಸಿ ಇಣುಕಿದರು. "ಕೈ ಹೋಗ್ತಿಲ್ವಾ? ಬಿಡಿ ಬಿಡಿ, ಮೇಜಿನ ಮೇಲಿಟ್ಟರೆ ಸಾಕು. ಫೋಟೋಗೆ ಹೀಗೇ ಚೆನ್ನ."

ಚೆನ್ನಂತೆ! ಅತ್ತೆ ಸಾಹೇಬರ ಕಡೆ ತಿರುಗಿಯೂ ನೋಡಲಿಲ್ಲ. ಗೊಂಬೆಯನ್ನು ಅಳಿಯನ ಮಡಿಲಿಗೆ ಹಾಕಿ, ತನ್ನ ಬರಿಗೈಯನ್ನೇ ಪರದೆಯ ಮೇಲೆತ್ತಿದಳು.

ಸಭಾಂಗಣದಿಂದ ಒಂದು ಮಗುವಿನ ಚೀರು: "ಅಮ್ಮಾ, ಡೊಣ್ಣಮೂಗ ಬತ್ತಲೆ ಬಂದಿದಾನೆ!"

"ಏನ್ ಮಾಡ್ಲಿ ಕಣ್ರೋ," ಅಂದಿತು ಪರದೆಯ ಹಿಂದಿನಿಂದ ಟೀವಿಯ ಅದೇ ಮೂಗಿನ ದನಿ, "ನಮ್ಮ ಅಂಚೆಯವರು ನನ್ನ ಅಂಗಿಗೇ ಮುದ್ರೆ ಒತ್ತಿಬಿಟ್ಟಿದಾರೆ!"

ಮಕ್ಕಳು ಬಿದ್ದುಬಿದ್ದು ನಕ್ಕರು. ಮುದುಕನೂ ನಕ್ಕ, ಕಣ್ಣೊರೆಸಿಕೊಂಡು.

ಗುಮಾಸ್ತ ಮಾತ್ರ ಮೇಲೆ ಕುಣಿಯುತ್ತಿದ್ದ ಆ ಊದಿದ ಐದು ಬೆರಳನ್ನೇ ನೋಡುತ್ತ ಕೂತಿದ್ದ. ಮಡಿಲಲ್ಲಿ ಡೊಣ್ಣಮೂಗ, ಚೀಟಿಯ ಮೇಲಿನ ಹಾಗೇ ನಗುತ್ತ, ಗುಂಡುಕಲ್ಲಿನಷ್ಟು ಭಾರ.