ವಾಟರ್ ಸೀಲ್

"ಇದೇ ಸೈಜ್ ಕೊಡಪ್ಪ," ಎಂದು ರಾಮಲಿಂಗಯ್ಯ ಪೇಪರಿನ ಪೊಟ್ಟಣವನ್ನು ಕೌಂಟರಿನ ಗಾಜಿನ ಮೇಲಿಟ್ಟರು. ಒಳಗೊಂದು ವಾಟರ್ ಸೀಲ್ ಇತ್ತು, ನೀರು ಸೋರದಂತೆ ಪಂಪಿನ ದಂಡಕ್ಕೆ ತೊಡಿಸುವ ರಬ್ಬರಿನ ಬಳೆ. ಅಂಚು ಒಂದು ಕಡೆ ಹರಿದಿತ್ತು. ಉಳಿದಂತೆ ಹೊಸದರ ಹಾಗೇ ಇತ್ತು. ನಟರಾಜು ಅದನ್ನು ಗಮನಿಸಿದ. ಆದರೆ ಅವನಿಗೆ ನೋಡಬೇಕಾಗಿದ್ದದ್ದು ರಾಮಲಿಂಗಯ್ಯನವರ ಮುಖ. ಆ ಮುಖ ಎಂದಿನಂತೆ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿತ್ತು, ಅಷ್ಟೇ.

ಹೋದ ತಿಂಗಳು ನಟರಾಜು ಅಕ್ಕೂರಿಗೆ ಹೋಗಿ ಇವರ ಮಗಳು ಲತಾಮಣಿಯನ್ನು ನೋಡಿಕೊಂಡು ಬಂದಿದ್ದ. ಹುಡುಗಿ ಮನಸ್ಸಿಗೆ ಬಂದಿದ್ದಳು. ಹೊರಡುವಾಗ ರಾಮಲಿಂಗಯ್ಯ "ತಿಳಿಸ್ತೀವಿ" ಎಂದಿದ್ದರು. ಹಾಗಂದರೆ ಇಲ್ಲ ಅಂತಲೇ ಎಂದು ನಟರಾಜುವಿನ ತಾಯಿ ಮುನಿಯಮ್ಮ ಬೇರೆ ಹುಡುಗಿಯರ ಫೋಟೊ ತರಿಸತೊಡಗಿದ್ದಳು. ಹಾಗಂದರೆ ಹೂಂ ಅಂತಲೇ ಎಂದು ಸೋದರಮಾವ ಅಂಕಯ್ಯ ಛತ್ರ ವಿಚಾರಿಸಿಕೊಂಡು ಬಂದಿದ್ದ.

ಬಿ.ಎಸ್ಸಿ. ಮುಗಿಸಿದ ನಟರಾಜು ಚನ್ನಪಟ್ಟಣದಲ್ಲಿ ಈ ಮಾವನ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಬಂದು ಕೂತಿದ್ದ. ಮಾತು ಕಮ್ಮಿಯ ಅವನಿಗೆ ಈ ಕೆಲಸದಲ್ಲಿ ಹಿಡಿಸಿದ್ದು ಸಾಮಾನುಗಳ ಹೆಸರು. ಬೇರಿಂಗ್ ಅಂದರೆ ಬೇರಿಂಗ್. ನಂಬರು ಅದರ ಮೈಮೇಲೇ ಕೊರೆದಿರುತ್ತದೆ, ಕೂಟಗಲ್ಲಿನಲ್ಲೂ ಜಪಾನಿನಲ್ಲೂ ಒಂದೇ. ಸಿಟ್ಟಿನಲ್ಲಿ ಕೇಳಿದರೂ ಪ್ರೀತಿಯಿಂದ ಕೇಳಿದರೂ ಅದೇ ಕೈಗೆ ಬರುತ್ತದೆ. 'ತಿಳಿಸ್ತೀವಿ' ಎಂಬುದರ ಮೈಮೇಲೆ ಯಾವ ನಂಬರೂ ಇರಲಿಲ್ಲ. ಅವನು ತಿರುಗಿಸಿ ತಿರುಗಿಸಿ ನೋಡಿದ್ದ.

"ಮನೇಲೆಲ್ಲ ಹೆಂಗವ್ರೆ ರಾಮಲಿಂಗಣ್ಣ?" ಅಂಕಯ್ಯ ಕೇಳಿದ.

"ಅವ್ರೆ."

"ಮತ್ತೆ, ಇಸ್ಯ?"

"ರೇಸ್ಮೆ ಹುಳ ನಾಕ್ನೇ ಜ್ವರದಿಂದ ಎದ್ದವೆ. ಎಷ್ಟ್ ಸೊಪ್ಪು ಹಾಕುದ್ರೂ ಸಾಲ್ತಿಲ್ಲ."

ನಾಲ್ಕನೇ ಸಲ ಪೊರೆ ಬಿಟ್ಟೆದ್ದ ಹುಳಗಳ ಹಸಿವಿನ ಆಚೆಗೆ ಅವರು ಮಾತು ಬೆಳೆಸಲಿಲ್ಲ. ನಟರಾಜು ಒಳಗೆ ಹೋಗಿ ಸರಿಯಾದ ಡಬ್ಬಿಗೇ ಕೈ ಹಾಕಿದ. ಇದನ್ನು ಕೊಟ್ಟರೆ ಈ ಮನುಷ್ಯ ಇನ್ನು ವರ್ಷಗಟ್ಟಲೆ ಇತ್ತ ತಲೆ ಹಾಕುವುದಿಲ್ಲ ಅನ್ನಿಸಿತು. ಕೈ ಪಕ್ಕದ ಡಬ್ಬಿಗೆ ಸರಿಯಿತು. ಅದರಲ್ಲಿದ್ದದ್ದು ಕೂದಲೆಳೆಯಷ್ಟು ದೊಡ್ಡದು; ಕಣ್ಣಿಗೆ ಗೊತ್ತಾಗದು, ಪಂಪಿಗೆ ಗೊತ್ತಾಗುತ್ತದೆ.

ಮಾರನೇ ದಿನ ರಾಮಲಿಂಗಯ್ಯ ಮತ್ತೆ ಬಂದರು. "ಕೂರ್ತಿಲ್ಲ ಕಣಪ್ಪ," ಎಂದರು. ಮಗಳ ವಿಷಯ ಎತ್ತಲಿಲ್ಲ. ನಟರಾಜು ಈ ಸಲ ಕೂದಲೆಳೆಯಷ್ಟು ಸಣ್ಣದನ್ನು ಕೊಟ್ಟು ಕಳಿಸಿದ.

ಅವರು ಬೀದಿ ದಾಟುವವರೆಗೂ ಕಾದಿದ್ದ ಅಂಕಯ್ಯ, "ಏನ್ಲಾ ಆಗೈತೆ ನಿಂಗೆ? ಕಣ್ ಮುಚ್ಕೊಂಡು ಸಾಮಾನು ಎತ್ಕೊಡೋನು ನೀನು," ಎಂದ.

"ಒಳಗೆ ಕತ್ಲಿತ್ತು ಮಾವ. ಕರೆಂಟಿಲ್ಲ."

"ಫ್ಯಾನು ನಿಮ್ಮಪ್ಪ ತಿರುಗಿಸ್ತಾ ಅವ್ನಾ?"

ಅದರ ಮರುದಿನ ಬಂದವಳು ಲತಾಮಣಿ. ಬಸ್ಸಿಳಿದು ನೇರ ಅಂಗಡಿಗೆ ನಡೆದು, ಹಳೆಯದೊಂದು ಹೊಸದೆರಡು ಸೀಲುಗಳನ್ನು ಗಾಜಿನ ಮೇಲೆ ಸಾಲಾಗಿ ಇಟ್ಟಳು.

"ಅಪ್ಪ ಬರಾಕಿಲ್ಲ ಅಂತು. ರಾಮನಗರದಿಂದ ತರಿಸ್ತೀನಿ ಅಂತು. ನಾನೇ ಹೋಯ್ತೀನಿ ಅಂದು ಬಂದೆ." ಒಂದು ಗಳಿಗೆ ತಡೆದು ಸೇರಿಸಿದಳು: "ಅಳ್ತೆ ಗೊತ್ತಿಲ್ದೋನ್ಗೆ ಹೆಣ್ ಹೆಂಗ್ ಕೊಡೋದು ಅಂತ್ಲೂ ಅಂತು."

ಅಂಕಯ್ಯ ಬಾಯಿಗಿಟ್ಟ ಟೀ ಲೋಟ ಹಾಗೇ ನಿಂತಿತು.

"ಈ ಹಳೇದು ಸವ್ದಿತ್ತಾ?" ಅವಳು ನಟರಾಜುವನ್ನು ಕೇಳಿದಳು.

"ಇಲ್ಲ. ಬಿಚ್ಚುವಾಗ ಮೀಟಿ ಹರ್ದವ್ರೆ."

"ಮೋಟ್ರು ಚೆನ್ನಾಗೇ ಓಡ್ತಿತ್ತು. ಸುಮ್ ಸುಮ್ನೆ ಅಂಗ್ಡಿಗೆ ಹೋಗಿ ಹುಡ್ಗನ್ನ ನೋಡಾದು ಹೆಂಗೆ ಅಂತ ಅಪ್ಪನೇ ಕಿತ್ತುದ್ದು."

ಹೆಣ್ಣು ಕೊಡುವ ಮುಂಚೆ ಏನಾದರೂ ನೆಪ ಹೂಡಿ ಹುಡುಗನ ಕೆಲಸ ನೋಡಿ ಬರುವುದು ಆ ಕಡೆಯ ಪದ್ಧತಿ. ಅಂಕಯ್ಯನೇ ತನ್ನ ಮಗಳಿಗೆ ಗಂಡು ನೋಡಲು ಹೋಗಿ ಬೇಡದ ಎರಡು ಕುರಿ ಕೊಂಡು ಬಂದಿದ್ದ. ಈಗ ಅವನು ಹಣೆ ಉಜ್ಜಿಕೊಂಡ.

ನಟರಾಜು ಸುಮ್ಮನಿದ್ದುಬಿಡಬಹುದಿತ್ತು. ಕೆಲಸ ಬಾರದವನು ಎನ್ನಿಸಿಕೊಳ್ಳುವುದು ಅಂಥ ದೊಡ್ಡ ಅಪರಾಧವೇನಲ್ಲ. ಆದರೆ ಮೂರು ಸೀಲುಗಳು ಕಣ್ಣೆದುರಿಗೇ ಕೂತಿದ್ದವು.

"ನಾನೂ ಬೇಕಂತ್ಲೇ ತಪ್ಪು ಸೈಜು ಕೊಟ್ಟೆ," ಎಂದ. "ನಿಮ್ಮಪ್ಪ ಇನ್ನೊಂದ್ ಸಲ ಬರ್ಲಿ ಅಂತ. ಬಂದಾಗ ಏನಾದ್ರೂ ಒಂದ್ ಮಾತು ಹೇಳ್ತಾರೇನೋ ಅಂತ."

ಲತಾಮಣಿ ಗ್ರೀಸು ಮೆತ್ತಿದ ಮೂರು ಸೀಲುಗಳನ್ನೂ ಒಂದೊಂದಾಗಿ ಎತ್ತಿ ನೋಡಿ ಮತ್ತೆ ಸಾಲಾಗಿ ಇಟ್ಟಳು.

"ಅಪ್ಪ ಬೇಕಂತ ಕಿತ್ತುಹಾಕ್ತು. ನೀವು ಬೇಕಂತ ತಪ್ಪು ಕೊಟ್ರಿ," ಎಂದಳು. "ನಮ್ಮವ್ವ ಬಿಂದಿಗೇಲಿ ಹಿಪ್ಪನೇರಳೆ ತೋಟಕ್ಕೆ ನೀರು ಹುಯ್ತಾವ್ಳೆ."

ಅವಳು ನಗಲಿಲ್ಲ. ನಗದೇ ಇರುವುದಕ್ಕೆ ತುಟಿ ಕಚ್ಚಿದ್ದು ಕಾಣಿಸಿತು. ನಟರಾಜು ಸರಿಯಾದ ಸೀಲ್ ತಂದು ಮುಂದಿಟ್ಟ. ಅವಳು ಅದನ್ನು ಹಳೆಯದರ ಮೇಲಿಟ್ಟು, ಸುತ್ತಲೂ ಬೆರಳಾಡಿಸಿ ನೋಡಿಕೊಂಡಳು.

"ಅಪ್ಪಂಗೆ ಏನ್ ಹೇಳ್ಲಿ?"

"ನಿಜಾನೇ ಹೇಳಿ."

"ನಿಜ ಹೇಳುದ್ರೆ ನೀವು ಕೆಟ್ರಿ." ಅವಳು ಸೀಲನ್ನು ಪೇಪರಿನಲ್ಲಿ ಸುತ್ತಿದಳು. "ಕಂಪ್ನಿಯವ್ರೇ ಡಬ್ಬಿಗೆ ತಪ್ ಸಾಮಾನು ತುಂಬವ್ರೆ, ಅಂಗ್ಡಿಯವ್ರು ಪಾಪ ಏನ್ ಮಾಡ್ತಾರೆ ಅಂತೀನಿ. ಅಪ್ಪಂಗೆ ಕಂಪ್ನಿಯವ್ರ ಮ್ಯಾಲೆ ಮೊದ್ಲಿಂದ್ಲೂ ಗುಮಾನಿ."

"ಅಂಗಾರೆ, ನಿಂಗೆ ಒಪ್ಗೆ ಅಂತ್ಲೇನವ್ವಾ?" ಅಂಕಯ್ಯ ತಡೆಯಲಾರದೆ ಕೇಳಿದ.

"ಬಸ್ ಬಂತು," ಎಂದು ಅವಳು ಪೊಟ್ಟಣ ಹಿಡಿದು ರಸ್ತೆಗಿಳಿದಳು. ಬಸ್ಸು ಇನ್ನೂ ಬಂದಿರಲಿಲ್ಲ.

ಗಾಜಿನ ಮೇಲೆ ಅವಳ ಬೆರಳುಗಳ ಗ್ರೀಸಿನ ಗುರುತು ಉಳಿದಿತ್ತು. ಅಂಕಯ್ಯ ಒರೆಸಲು ಬಟ್ಟೆ ಎತ್ತಿಕೊಂಡ. ನಟರಾಜು ಅದನ್ನು ಅವನ ಕೈಯಿಂದ ಮೆಲ್ಲಗೆ ತೆಗೆದುಕೊಂಡ. ಅಷ್ಟರಲ್ಲಿ ಟಿಲ್ಲರಿನ ಚೈನೊಂದನ್ನು ಹೆಗಲಿಗೆ ಹಾಕಿಕೊಂಡು ಬಂದ ಗಿರಾಕಿ ಅದನ್ನು ಆ ಗುರುತಿನ ಮೇಲೇ ಇಳಿಸಲು ಹೋದ.

"ಅಲ್ಲಿ ಬ್ಯಾಡಿ," ಎಂದ ನಟರಾಜು, "ಈ ಕಡೆ ಇಡಿ," ಎಂದು ಭಾರದ ಚೈನನ್ನು ತಾನೇ ಎತ್ತಿಕೊಂಡು ಕೌಂಟರಿನ ಆ ತುದಿಗೆ ನಡೆದ.