ಕೋಳಿಮನೆಯ ಬಿಳಿಮಣ್ಣು

ಕೋಳಿಗಳಿಗೆ ಕೆಮ್ಮು ಹತ್ತಿದೆ ಅಂತ ನಮ್ಮ ಮನೆಯವರು ಪಶುವೈದ್ಯರನ್ನು ಕರೆಸಿದ ದಿನಕ್ಕೆ, ನನ್ನ ನಾದಿನಿ ಕೆಮ್ಮಲು ಶುರುಮಾಡಿ ಹತ್ತು ತಿಂಗಳಾಗಿತ್ತು.

ನಾದಿನಿ ಅಂದರೆ ಇವರ ಒಬ್ಬಳೇ ತಂಗಿ. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ ಮೇಲೆ ಒಂದು ಪೆಟ್ಟಿಗೆ ಹಿಡಿದು ನಮ್ಮ ಬಾಗಿಲಿಗೆ ಬಂದವಳು. "ಅತ್ತಿಗೆ, ಒಂದು ತಿಂಗಳು ಇರ್ತೀನಿ ಅಷ್ಟೇ" ಅಂದಿದ್ದಳು. ಆರು ವರ್ಷ ಇದ್ದಳು. ಬಿಟ್ಟಿ ಕೂಳು ಗಂಟಲಲ್ಲಿ ಇಳಿಯದ ಹೆಂಗಸು. ಯಾರೂ ಹೇಳದೆಯೇ ಹಿತ್ತಲಿನ ಕೋಳಿಮನೆಯನ್ನು ತಾನೇ ಮೈಮೇಲೆ ಹಾಕಿಕೊಂಡಳು. ಮುನ್ನೂರು ಮೊಟ್ಟೆಕೋಳಿ, ತಗಡಿನ ಸೂರು, ಮೂರು ಕಡೆ ಗೋಡೆ, ಒಂದು ಕಡೆ ತಂತಿಬಲೆ. ಸದಾ ಗೊಣಗುವ ಒಂದು ಕೆಂಪು ಕೋಳಿಗೆ 'ನಮ್ಮತ್ತೆ' ಅಂತ ಹೆಸರಿಟ್ಟಿದ್ದಳು. ಅದು ಮೊಟ್ಟೆಯಿಟ್ಟಾಗಲೆಲ್ಲ, "ಅಂತೂ ನಮ್ಮತ್ತೆ ಕೈಯಿಂದ ಏನೋ ಒಂದು ಬಂತಪ್ಪ" ಅಂತ ಹೊಟ್ಟೆ ಹಿಡಿದುಕೊಂಡು ನಗುವಳು.

ಮೂರನೇ ಬೇಸಿಗೆಗೆ ನುಸಿ ಬಿತ್ತು. ಹಗಲೆಲ್ಲ ಕೋಳಿ ಕೂರುವ ಅಡ್ಡಕೋಲಿನ ಸಂದಿಯಲ್ಲಿ ಅಡಗಿ, ಕತ್ತಲಾದ ಮೇಲೆ ಹೊರಬಂದು ರಕ್ತ ಹೀರುವ ಸಾಸಿವೆಗಿಂತ ಸಣ್ಣ ಹುಳ. ಕೋಳಿಗಳ ಜುಟ್ಟು ಬಿಳಿಚಿಕೊಂಡಿತು, ಮೊಟ್ಟೆ ಅರ್ಧಕ್ಕಿಳಿಯಿತು. ಮೇವಿನ ಅಂಗಡಿಯವರು ಒಂದು ಪೊಟ್ಟಣ ಬಿಳಿಮಣ್ಣು ಕೊಟ್ಟರು. ಕಣ್ಣಿಗೆ ಕಾಣದ ಯಾವುದೋ ಪಾಚಿಯ ಚಿಪ್ಪು ಕೆರೆಯ ತಳದಲ್ಲಿ ಲಕ್ಷಾಂತರ ವರ್ಷ ಕೂತು ಆದ ಮಣ್ಣಂತೆ ಅದು.

"ಕೋಲಿನ ಸಂದಿಗೆ ಉದುರಿಸಿ. ನೆಲಕ್ಕೆ ಹಾಸಿರೋ ಭತ್ತದ ಹೊಟ್ಟಿಗೆ ಒಂದಿಷ್ಟು ಬೆರೆಸಿ. ಕೋಳಿ ಮಣ್ಣಲ್ಲಿ ಹೊರಳಾಡೋ ತೊಟ್ಟಿಗೆ ಮರಳು, ಬೂದಿ ಜೊತೆ ಹಾಕಿ. ಮೇವಿಗೂ ಒಂಚೂರು ಹಾಕಬಹುದು, ಗಂಟು ಕಟ್ಟಲ್ಲ. ಹೊಟ್ಟೆಹುಳನೂ ಸಾಯತ್ತೆ ಅಂತಾರೆ, ಅದಕ್ಕೆ ನಾನು ಜವಾಬ್ದಾರನಲ್ಲ. ಒಂದು ಮಾತು ನೆನಪಿರಲಿ ತಾಯಿ, ಮೂಗು ಬಾಯಿ ಕಟ್ಕೊಂಡು ಹಾಕಿ, ಧೂಳೆಬ್ಬಿಸಬೇಡಿ" ಅಂದರು.

ಎರಡೇ ವಾರದಲ್ಲಿ ನುಸಿ ಇಳಿಯಿತು. ಕೋಳಿಗಳು ತೊಟ್ಟಿಗೆ ಬಿದ್ದು, ಒಂದು ರೆಕ್ಕೆ ಎತ್ತಿ, ಕಾಲು ಒದರಿ, ಕಣ್ಣು ಮುಚ್ಚಿ ಹೊರಳುತ್ತಿದ್ದರೆ ನಾದಿನಿ ಬಲೆಗೆ ಮುಖ ಆನಿಸಿ ನೋಡುತ್ತ ನಿಂತುಬಿಡುವಳು. "ನೋಡಿ ಅತ್ತಿಗೆ, ರಾಣಿಯರ ಸ್ನಾನ!"

ಆ ಪೊಟ್ಟಣ ನೋಡಿ ನಮ್ಮ ಮನೆಯವರಿಗೆ ನಗು ಬಂತು. ಅವರು ಹಣ್ಣಿನ ರಸದ ಕಾರ್ಖಾನೆಯಲ್ಲಿ ಸೋಸುವ ವಿಭಾಗದ ಮೇಸ್ತ್ರಿ. "ಅಯ್ಯೋ, ರಸ ಸೋಸೋಕೆ ಇದನ್ನೇ ನಾವು ದಿನಾ ಮೂಟೆಗಟ್ಟಲೆ ಸುರೀತೀವಲ್ಲೇ! ಹರಿದ ಚೀಲದ್ದು ಎಷ್ಟು ಬೇಕಾದ್ರೂ ಸಿಗತ್ತೆ" ಅಂದರು. ಮಾರನೇ ವಾರವೇ ಸ್ಕೂಟರಿನ ಕಾಲಿಡುವಲ್ಲಿ ಒಂದು ಮೂಟೆ ಬಂತು. ಪುಕ್ಕಟೆ ಸಿಕ್ಕಿದರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನುವ ಹಾಗೆ, ಹಿಡಿಯಲ್ಲಿ ಹಾಕುತ್ತಿದ್ದದ್ದು ಬಕೆಟ್ಟಿಗೆ ಏರಿತು. ತಂಗಿ ಸಾಕು ಅಂದರೂ ಇವರು ಬಿಡರು. "ಹಾಕೇ, ಜಾಸ್ತಿ ಹಾಕು, ನಿಮ್ಮಪ್ಪನ ಮನೆ ಗಂಟೇನೂ ಹೋಗಲ್ಲ." ಅವಳ ಅಪ್ಪ ಇವರಿಗೂ ಅಪ್ಪನೇ. ಅದಕ್ಕೂ ಅವಳು ನಕ್ಕಳು.

ಈಗ ನನ್ನ ಪಾಲಿನದನ್ನು ಹೇಳಬೇಕು. ಖಾಲಿಯಾದ ಮೂಟೆಯನ್ನು ಕಾಲೊರೆಸು ಮಾಡೋಣ ಅಂತ ಕತ್ತರಿಸುವಾಗ ಅದರ ಮೇಲಿನ, ನಾದಿನಿಗೆ ಬಾರದ ಇಂಗ್ಲಿಷ್ ಅಕ್ಷರ ಓದಿದೆ. ಸೋಸುವುದಕ್ಕೆ ಮಾತ್ರ, ಪಶುಪಕ್ಷಿಗಳಿಗೆ ಅಲ್ಲ, ಧೂಳು ಉಸಿರಿಗೆ ಹೋಗಬಾರದು ಅಂತ ಇತ್ತು. ಇವರಿಗೆ ತೋರಿಸಿದೆ. "ಅದೆಲ್ಲ ಬರೀತಾರೆ ಕಣೇ. ಬೆಂಕಿಪೊಟ್ಟಣದ ಮೇಲೂ ಬರೆದಿರತ್ತೆ" ಅಂದರು. ನಾನು ಆ ಭಾಗ ಕೆಳಗೆ ಮಾಡಿ ಹೊಲಿದೆ.

ಅಷ್ಟೇ ಅಲ್ಲ. ಕಾರ್ಖಾನೆಯಲ್ಲಿ ಆ ಪುಡಿ ಸುರಿಯುವಾಗ ಇವರು ರಬ್ಬರಿನ ಮುಖಕವಚ ಹಾಕಿಕೊಳ್ಳುತ್ತಿದ್ದರು. ಪ್ರತಿ ಭಾನುವಾರ ಅದನ್ನು ಸೋಪು ನೀರಲ್ಲಿ ಒರೆಸಿ ಹಗ್ಗಕ್ಕೆ ನೇತುಹಾಕುತ್ತಿದ್ದವಳು ನಾನೇ. ಒಂದು ಭಾನುವಾರ ನಾದಿನಿ ಅದನ್ನು ಮುಟ್ಟಿ ನೋಡಿ, "ಅಣ್ಣಾ, ನನಗೂ ಇಂಥದ್ದೊಂದು ತಂದುಕೊಡ್ತೀಯಾ? ಎದೆಯಲ್ಲಿ ಮರಳು ತುಂಬಿದ ಹಾಗಾಗತ್ತೆ" ಅಂದಳು.

"ಕೋಳಿ ಹಾಕ್ಕೊಂಡಿದ್ಯೇನೇ ಮುಖಕವಚ? ಅವು ಬದುಕಿಲ್ವಾ?" ಅಂದರು ಇವರು. ನಾನು ಬಟ್ಟೆ ಹಿಂಡುತ್ತಿದ್ದೆ. ಹಿಂಡಿದೆ.

ಹಳೇ ಸೀರೆಯ ಸೆರಗನ್ನು ಮೂಗಿಗೆ ಸುತ್ತಿಕೊಂಡು ಮೂರು ವರ್ಷ ಅವಳು ಆ ಪುಡಿ ಎರಚಿದಳು. ಕೆಮ್ಮು ಶುರುವಾದಾಗ ಕಷಾಯ ಕೊಟ್ಟೆ. ಅನ್ನ ಬಸಿಯುವಷ್ಟು ಹೊತ್ತೂ ನಿಲ್ಲಲಾರದೆ ಕೂರತೊಡಗಿದಾಗ "ವಯಸ್ಸಾಯ್ತು" ಅಂದೆ. ಅವಳಿಗೆ ನಲವತ್ತೆರಡು.

ಆಮೇಲೆ ಕೋಳಿಗಳು ಗೊರಗೊರ ಅನ್ನತೊಡಗಿದವು. ಒಂದೇ ವಾರದಲ್ಲಿ ಹನ್ನೊಂದು ಸತ್ತವು. ಇವರು ರಜೆ ಹಾಕಿ ಪಶುವೈದ್ಯರನ್ನು ಕರೆತಂದರು. ವೈದ್ಯೆ ಸಣ್ಣ ವಯಸ್ಸಿನ ಹೆಣ್ಣುಮಗಳು. ಒಳಗೆ ಕಾಲಿಟ್ಟವಳೇ ಮೂಗು ಮುಚ್ಚಿಕೊಂಡು ಹೊರಗೆ ಬಂದಳು. ಮೂಟೆ ತರಿಸಿ ನೋಡಿದಳು.

"ಇದು ಕೋಳಿಗೆ ಹಾಕೋದಲ್ಲ, ಮೂಟೆ ಮೇಲೇ ಬರೆದಿದೆ. ಕುಲುಮೆಯಲ್ಲಿ ಸುಟ್ಟಿರೋದು. ಸುಟ್ಟ ಮೇಲೆ ಇದು ಗಾಜಿನ ಪುಡಿ ಇದ್ದಂಗೆ, ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರಲ್ಲ. ಯಾರು ಇದನ್ನ ಹರಡ್ತಾ ಇದ್ದಿದ್ದು?"

ಬಾವಿಕಟ್ಟೆ ಮೇಲೆ ಕೂತಿದ್ದ ನಾದಿನಿ ಕೈ ಎತ್ತಿದಳು, ಶಾಲೆಯಲ್ಲಿ ಹಾಜರಿ ಹೇಳುವವಳ ಹಾಗೆ. ಹೇಳಲು ಹೋಗಿ ಕೆಮ್ಮು ಬಂತು. ವೈದ್ಯೆ ಅದು ನಿಲ್ಲುವವರೆಗೆ ಕಾದಳು. ನಿಲ್ಲಲಿಲ್ಲ.

"ಕೋಳಿ ಆಮೇಲೆ ನೋಡೋಣ. ಮೊದಲು ಇವರನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿ" ಅಂದಳು.

"ಹೊಟ್ಟೆಗೆ ಹಾಕೋ ಔಷಧಿ ಏನಾದ್ರೂ ಬರ್ಕೊಡ್ತೀರಾ, ಕೋಳಿಗೆ?" ಅಂದರು ನಮ್ಮ ಮನೆಯವರು. ಆ ಹೆಣ್ಣುಮಗಳು ಇವರನ್ನು ನೋಡಿದ ನೋಟ ನನ್ನನ್ನೂ ಸವರಿಕೊಂಡು ಹೋಯಿತು.

ಆಸ್ಪತ್ರೆಯಲ್ಲಿ ಎಕ್ಸ್‌ರೇ ಹಿಡಿದು ಡಾಕ್ಟರು ಕೇಳಿದರು, "ಧೂಳಿನ ಕೆಲಸ ಏನಾದ್ರೂ ಮಾಡ್ತಿದ್ರಾ?"

ಇವರು ಮುಂದೆ ಬಿದ್ದು ಹೇಳಿದರು. "ಇಲ್ಲ ಸಾರ್, ಮನೇಲೇ ಇರೋದು. ಚಿಕ್ಕಂದಿನಿಂದ್ಲೂ ಇವಳ ಎದೆ ವೀಕು." ಕಾರ್ಖಾನೆಯಿಂದ ಮೂಟೆ ಹೊರಗೆ ಸಾಗಿಸಿದ್ದು ಗೊತ್ತಾದರೆ ಕೆಲಸಕ್ಕೆ ಕುತ್ತು. ನಾದಿನಿ ಅಣ್ಣನ ಮುಖ ನೋಡಲಿಲ್ಲ, ನನ್ನ ಮುಖ ನೋಡಿದಳು. ನಾನು ಗೋಡೆ ಮೇಲಿನ ಗಡಿಯಾರ ನೋಡಿದೆ. ಕೊನೆಗೆ ಅವಳೇ, ಎರಡೆರಡು ಮಾತಿಗೊಮ್ಮೆ ನಿಂತು, ಎಲ್ಲವನ್ನೂ ಹೇಳಿದಳು. ಡಾಕ್ಟರು ಬರೆದುಕೊಂಡರು. ಗಟ್ಟಿಯಾದ ಶ್ವಾಸಕೋಶ ಮತ್ತೆ ಮೆತ್ತಗಾಗುವುದಿಲ್ಲ, ಇರುವುದನ್ನು ಕಾಪಾಡಿಕೊಳ್ಳಬೇಕು ಅಂದರು.

ಅವಳು ಆಸ್ಪತ್ರೆಯಿಂದ ನಮ್ಮ ಮನೆಗೆ ಬರಲಿಲ್ಲ. ಜೊತೆಯಲ್ಲಿ ಓದಿದ್ದ ಒಬ್ಬ ದರ್ಜಿ ಗೆಳತಿ ಬಂದು ಕರೆದುಕೊಂಡು ಹೋದಳು. ಇವರು ಕೋಳಿಗಳನ್ನೆಲ್ಲ ಮಾರಿದರು. "ನೋಡಿಕೊಳ್ಳೋಕೆ ಯಾರಿದ್ದಾರೆ?" ಅಂತ ಸಿಕ್ಕಸಿಕ್ಕವರ ಮುಂದೆ ಹೇಳಿಕೊಂಡರು. ಕಟ್ಟಿಕೊಂಡ ಹೆಂಡತಿಯಾದ ನನಗೂ ಅದನ್ನೇ ಹೇಳಿದರು.

ಎರಡು ತಿಂಗಳಾದ ಮೇಲೆ ಒಂದು ಚೀಲ ಹಣ್ಣು ಹಿಡಿದು ನಾನೊಬ್ಬಳೇ ಹೋದೆ. ಗೆಳತಿಯ ಹೊಲಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ, ಕಿಟಕಿ ಪಕ್ಕ, ನಾದಿನಿ ದಿಂಬಿಗೆ ಒರಗಿ ಗುಂಡಿ ಹೊಲಿಯುತ್ತಿದ್ದಳು. ಮೂಗಿನಲ್ಲಿ ಆಮ್ಲಜನಕದ ಕೊಳವೆ.

"ಮೂಟೆ ಮೇಲೆ ಬರೆದಿತ್ತಂತೆ. ನೀವು ಓದಿದ್ರಾ ಅತ್ತಿಗೆ?"

ಸುಳ್ಳು ಹೇಳಬಹುದಿತ್ತು. "ಓದಿದ್ದೆ" ಅಂದೆ.

ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. "ಅಣ್ಣನ ಬುದ್ಧಿ ನಂಗೆ ಹುಟ್ಟಿದಾಗಿಂದ ಗೊತ್ತು. ಅವನ ಮೇಲೆ ಸಿಟ್ಟೂ ಬರಲ್ಲ. ನೀವು ಒಂದು ಮಾತು ಹೇಳಬಹುದಿತ್ತು."

ನಾನು ಅಳಲು ಶುರುಮಾಡಿದೆ. ಅವಳು ಸಮಾಧಾನ ಮಾಡಲಿಲ್ಲ. ಉಸಿರು ಕೂಡಿಸಿಕೊಂಡು ಹೇಳಿದಳು. "ಇನ್ನು ಬರಬೇಡಿ ಅತ್ತಿಗೆ. ನೀವು ಬಂದ್ರೆ ಮಾತಾಡಬೇಕಾಗತ್ತೆ. ಮಾತಾಡೋಕೆ ಉಸಿರು ಸಾಲಲ್ಲ. ಇರೋದನ್ನ ನಿಮಗೆ ಖರ್ಚು ಮಾಡೋಕೆ ಇಷ್ಟ ಇಲ್ಲ."

ಹಣ್ಣಿನ ಚೀಲ ಬಾಗಿಲ ಬಳಿ ಇಟ್ಟು ಎದ್ದೆ. ದರ್ಜಿ ಗೆಳತಿ ಹಿಂದೆಯೇ ಬಂದು ಅದನ್ನು ವಾಪಸ್ ನನ್ನ ಕೈಗೆ ಕೊಟ್ಟು, ಅಂಗಡಿಯ ಪರದೆ ಎಳೆದುಕೊಂಡಳು.