ಸಾಹೇಬರ ಕೋಣೆಯ ಮೌನಿ

ಕೆಲವು ಪ್ರಶ್ನೆಗಳಿಗೆ ಸಿಂಹಾಸನಗಳೇ ಉರುಳಿವೆ. ಈ ಕಚೇರಿಯ ಮುಂದಿದ್ದದ್ದು ಅವೆಲ್ಲಕ್ಕಿಂತ ಗಹನವಾದದ್ದು: ಸಾಹೇಬರ ಕಪಾಟಿನ ಮೇಲೆ ಹಸಿರು ದೀಪ ಮಿಟುಕಿಸುತ್ತ ಕೂತಿದ್ದ ನೆಟ್‌ವರ್ಕ್ ಪೆಟ್ಟಿಗೆ ಯಾವ ಆವೃತ್ತಿಯಲ್ಲಿ ಮಾತಾಡುತ್ತದೆ?

ಇಂಥ ಪೆಟ್ಟಿಗೆಗಳು ಕೇಳಿದವರಿಗೆ ತಮ್ಮ ಯೋಗಕ್ಷೇಮ ಹೇಳಿಕೊಳ್ಳುವ ಭಾಷೆಗೆ ಮೂರು ಆವೃತ್ತಿಗಳು. ಮೊದಲೆರಡು ಗುಟ್ಟನ್ನು ಬೀದಿಯಲ್ಲಿ ಕೂಗುವಂಥವು. ಮೂರನೆಯದು ಕದ ಹಾಕಿಕೊಂಡು ಪಿಸುಗುಟ್ಟುತ್ತದೆ. ಯಾವ ಕೋಣೆಯ ಪೆಟ್ಟಿಗೆಗೆ ಯಾವ ಆವೃತ್ತಿ ಬರುತ್ತದೆಂದು ಪತ್ತೆಹಚ್ಚಿ ವರದಿ ಕೊಡಿ ಎಂದು ಕೇಂದ್ರ ಕಚೇರಿ ಅಪ್ಪಣೆ ಮಾಡಿತ್ತು. ಇಂಜಿನಿಯರಮ್ಮ ಪ್ರತಿ ಪೆಟ್ಟಿಗೆಯನ್ನೂ ಮೂರರಲ್ಲಿ ಕೇಳಿದಳು. ಉತ್ತರ ಬಾರದಿದ್ದರೆ ಎರಡರಲ್ಲಿ, ಅದಕ್ಕೂ ಬಗ್ಗದಿದ್ದರೆ ಒಂದರಲ್ಲಿ. ಎಲ್ಲವೂ ಬಾಯಿಬಿಟ್ಟವು. ಸಾಹೇಬರದು ಮಾತ್ರ ಸೊಸೆಯ ಮೇಲೆ ಮುನಿಸಿಕೊಂಡ ಅತ್ತೆಯ ಹಾಗೆ ತುಟಿಪಿಟಕ್ಕೆನ್ನಲಿಲ್ಲ.

ಆಕೆಗೆ ಅವಸರವಿತ್ತು. ಅಕ್ಕನಿಗೆ ದಿನ ತುಂಬಿತ್ತು. ವರದಿ ಮುಗಿಯದೆ ರಜೆಯ ಮಾತೆತ್ತಬೇಡಿ ಎಂದಿದ್ದರು ಸಾಹೇಬರು.

“ಏನೇ, ಬರ್ತೀಯೋ ಇಲ್ವೋ?” ಫೋನಿನಲ್ಲಿ ಅಕ್ಕ. “ನಿಮ್ಮ ಸಾಹೇಬರ ಸಹಿಗೆ ಕೂಸು ಕಾಯಲ್ಲ ಕಣೇ.”

“ಒಂದೇ ಒಂದು ಪೆಟ್ಟಿಗೆ ಮಾತಾಡ್ತಿಲ್ಲ ಕಣಕ್ಕ.”

“ನಿಮ್ಮ ಭಾವನೂ ಮಾತಾಡಲ್ಲ. ನಾನೇನು ವರದಿ ಬರೀತಾ ಕೂತಿದೀನಾ?”

ಆಕೆ ಸಾಹೇಬರ ಮುಂದೆ ಹೋಗಿ ನಿಂತಳು. “ಸಾರ್, ಸುಮ್ನಿದೆ ಅಂದ್ರೆ ಅದಕ್ಕೆ ಮಾತು ಬರಲ್ಲ ಅಂತಲ್ಲ. ಉತ್ತರ ಕೊಡಬೇಡ ಅಂತ ಯಾರೋ ಹೇಳಿಟ್ಟಿದಾರೆ.”

“ಯಾರೋ ಅಲ್ಲ, ನಾನೇ,” ಎಂದರು ಸಾಹೇಬರು. “ಭದ್ರತೆ ಬಗ್ಗೆ ಉಪನ್ಯಾಸ ಕೇಳ್ಕೊಂಡು ಬಂದ ದಿನ. ಪಾಸ್‌ವರ್ಡೂ ನಾನೇ ಇಟ್ಟೆ.”

“ಹೇಳಿ ಸಾರ್, ಈಗ್ಲೇ ಸರಿ ಮಾಡ್ತೀನಿ.”

“ನೆನಪಿದ್ರೆ ಅದೆಂಥ ಭದ್ರತೆ?”

“ಹಾಗಾದ್ರೆ ‘ಗೊತ್ತಾಗಲಿಲ್ಲ’ ಅಂತ ಬರೀಲಾ?”

“ನನ್ನ ಕೋಣೇಲಿರೋದು ನನಗೇ ಗೊತ್ತಿಲ್ಲ ಅಂತ ಡಂಗುರ ಸಾರ್ತೀರಾ? ಗುಮಾಸ್ತರ ಕೋಣೇದೆಷ್ಟು?”

“ಎರಡು, ಸಾರ್.”

“ಪಕ್ಕದ ಕೋಣೆ ಉಪಸಾಹೇಬರದ್ದು?”

“ಮೂರು.”

“ಅಂದ್ಮೇಲೆ ನನ್ನದು?”

“ಮೂರಕ್ಕೇ ಮುಗಿಯುತ್ತೆ ಸಾರ್. ಅದಕ್ಕಿಂತ ಮೇಲಿಲ್ಲ.”

“ಹೋಗ್ಲಿ ಬಿಡಿ, ಮೂರೇ ಬರೀರಿ,” ಎಂದರು ಸಾಹೇಬರು, ಆಸ್ತಿಯೆಲ್ಲ ದಾನಕೊಟ್ಟವರಂತೆ ಉಸಿರುಬಿಟ್ಟು.

ನಿಜ ಆಕೆಯ ನಾಲಗೆಯ ತುದಿಯಲ್ಲಿತ್ತು. ಆದರೆ ಅಕ್ಕನ ದನಿ ಇನ್ನೂ ಕಿವಿಯಲ್ಲಿತ್ತು. ಮೂರು ಎಂದೇ ಬರೆದಳು. ವರದಿ ಹೋಯಿತು. “ರಜೆ ಅರ್ಜಿ ನಾಳೆ ನೋಡೋಣ,” ಎಂದು ಸಾಹೇಬರು ಮನೆಗೆ ಹೋದರು.

ಮರುದಿನ ಬೆಳಿಗ್ಗೆ ಕೇಂದ್ರ ಕಚೇರಿಯ ಯಂತ್ರ, ವರದಿಯನ್ನೇ ವೇದವಾಕ್ಯವೆಂದು ನಂಬಿ, ಒಂದೊಂದು ಪೆಟ್ಟಿಗೆಯನ್ನೂ ಅದರದರ ಆವೃತ್ತಿಯಲ್ಲಿ ಮಾತಾಡಿಸಿತು. ಸಾಹೇಬರ ಮೌನಿ ತನ್ನ ವ್ರತ ಬಿಡಲಿಲ್ಲ. ಉತ್ತರಿಸದ ಪೆಟ್ಟಿಗೆಯನ್ನು ಕೆಟ್ಟದ್ದೆಂದು ತಿಳಿಯತಕ್ಕದ್ದು, ಆ ಕೋಣೆಯ ಸಂಪರ್ಕ ಕಡಿದು ಅಲ್ಲಿನ ಕಡತಗಳನ್ನು ಪಕ್ಕದ ಕೋಣೆಗೆ ಒಪ್ಪಿಸತಕ್ಕದ್ದು ಎಂಬುದು ನಿಯಮ. ಯಂತ್ರಕ್ಕೆ ದಾಕ್ಷಿಣ್ಯವೆಲ್ಲಿಂದ ಬರಬೇಕು? ಸಾಹೇಬರು ಕಪ್ಪು ಪರದೆಯ ಮುಂದೆ ಕೂತು ಗಂಟೆ ಒತ್ತುತ್ತಲೇ ಇದ್ದರು.

ಕಡತಗಳ ಜೊತೆ ರಜೆ ಅರ್ಜಿಯೂ ಉಪಸಾಹೇಬರ ಮೇಜಿಗೆ ಬಂತು. ಅವರು ಜನ್ಮದಲ್ಲಿ ಕಡತ ಓದಿ ಸಹಿ ಹಾಕಿದವರಲ್ಲ. ಆಕೆಯ ರಜೆ ಮಂಜೂರಾಯಿತು.